ನಮ್ಮ ಭಾವ ಹೆಣವಾಗಿ ಮಲಗಿದ್ದು

ನಮ್ಮ ಭಾವ ಕೋದಂಡಪ್ಪನವರು ಸತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಬಂಗಾರಪೇಟೆ ರೈಲ್ವೆ ಸ್ಟೇಷನ್ ಪಕ್ಕದಲ್ಲಿ ನನ್ನದೊಂದು ಬೈಕ್ ಸ್ಟ್ಯಾಂಡ್ ಇದೆ. ಬೆಳಿಗ್ಗೆ ರೈಲಿಗೆ ಓಡುವ ಜನ ಅಷ್ಟು ಅವಸರದಲ್ಲೂ ಗಾಡಿ ನಿಲ್ಲಿಸಿ, ಮುಖ ಸಣ್ಣದು ಮಾಡಿಕೊಂಡು, “ಪಾಪ ಮುನಿರಾಜು, ನಿಮ್ ಭಾವ ಬಲೇ ಒಳ್ಳೇ ಮನುಷ್ಯ” ಎಂದು ಹೇಳಿ ಓಡುತ್ತಾರೆ. ಬದುಕಿದ್ದಾಗ ಈ ಮಾತನ್ನು ಒಬ್ಬರೂ ಅವರಿಗೆ ಹೇಳಿರಲಿಲ್ಲ. ನೋಡಿ, ನನ್ನ ಬಾಯಲ್ಲೂ ‘ಬದುಕಿದ್ದಾಗ’ ಅಂತಲೇ ಬಂತು. ಅವರು ಬದುಕಿದ್ದಾರೆ, ಬೂದಿಕೋಟೆಯಲ್ಲೇ ಇದ್ದಾರೆ, ಈ ಹೊತ್ತಿಗೆ ಡೈರಿಗೆ ಹಾಲು ಹಾಕಲು ಹೋಗಿರುತ್ತಾರೆ.

ಎಲ್ಲಕ್ಕೂ ಕಾರಣ ನಮ್ಮ ಅಕ್ಕ ನರಸಮ್ಮನ ಗಂಟಲು. ನಮ್ಮ ಕಡೆ ಯಾರಾದರೂ ಸತ್ತರೆ ಹೆಂಗಸರು ಹೆಣದ ಸುತ್ತ ಕೂತು ಹಾಡು ಕಟ್ಟಿ ಅಳುತ್ತಾರೆ. ಸತ್ತವರ ಗುಣಗಳನ್ನೆಲ್ಲ ಎತ್ತಿ ಎತ್ತಿ ಹೇಳಿ ಅಳುವುದು ಪದ್ಧತಿ. ಅಳುವುದು ಎಲ್ಲರಿಗೂ ಬರುತ್ತದೆ, ಅಕ್ಕನ ಹಾಗೆ ಅಳುವುದು ಯಾರಿಗೂ ಬರುವುದಿಲ್ಲ. ಒಂದು ಹೆಣಕ್ಕೆ ಹಾಡಿದ್ದನ್ನು ಇನ್ನೊಂದು ಹೆಣಕ್ಕೆ ಹಾಡಿದವಳಲ್ಲ. ಬೂದಿಕೋಟೆ ಸುತ್ತಮುತ್ತ ಯಾರು ಹೋದರೂ ಮೊದಲು ಮಕ್ಕಳಿಗೆ ಫೋನು, ಆಮೇಲೆ ನಮ್ಮ ಅಕ್ಕನಿಗೆ.

ಅವರ ಬೀದಿಯ ಕೊನೆಯಲ್ಲಿ ಒಬ್ಬ ಯಜಮಾನನಿದ್ದ. ಮನೆ ಮುಂದಿನ ನುಗ್ಗೇಮರದ ಕಾಯಿಗಳನ್ನು ದಿನಾ ಬೆಳಿಗ್ಗೆ ಎಣಿಸುವನು, ಒಂದು ಕಮ್ಮಿಯಾದರೆ ಬೀದಿಯವರ ಸಾರನ್ನೆಲ್ಲ ಮೂಸಿ ನೋಡಿ ಬರುವನು. ಅಂಥವನು ಸತ್ತಾಗ ಅಕ್ಕ ಹೋಗಿ ಅವನ ತಲೆದೆಸೆಯಲ್ಲಿ ಕೂತು, “ಬಂದೋರ ಬರಿಗೈಲಿ ಕಳಿಸದ ನನ್ನಪ್ಪಾ, ನೆಳ್ಳಾಗಿ ನಿಂತೋನೇ ಬೀದೀಗೆ” ಎಂದು ಎತ್ತಿದಳು ನೋಡಿ, ಅವನ ಕೈಯಲ್ಲಿ ಬೈಸಿಕೊಂಡಿದ್ದ ಹೆಂಗಸರೆಲ್ಲ ಬಿಕ್ಕಿ ಬಿಕ್ಕಿ ಅತ್ತರು. ಹೊರಗೆ ಬಂದು, “ಮನುಷ್ಯ ಒಳ್ಳೇವ್ನೇ ಕಣೇ, ನಾವೇ ಅರ್ಥ ಮಾಡ್ಕಳ್ಲಿಲ್ಲ” ಎಂದು ಮಾತಾಡಿಕೊಂಡರು.

ಅವತ್ತಿನಿಂದ ನಮ್ಮ ಭಾವನಿಗೆ ಒಂದು ಕೊರಗು ಹತ್ತಿತು. ಅವರು ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳುವವರಲ್ಲ, ಊಟಕ್ಕೆ ಕೂತಾಗ ನನ್ನ ಎದುರೇ ಕೇಳಿದರು.

“ಏನೇ, ಆ ನುಗ್ಗೇಕಾಯಿ ಪಿಸ್ನಾರಿಗೇ ಅಷ್ಟೊಂದು ಆಡ್ದೆಯಲ್ಲ, ನಾನು ಓದ್ರೆ ಏನಂತ ಆಡ್ತೀಯ?”

“ಬಿಡ್ತು ಅನ್ನಯ್ಯಾ!” ಅಕ್ಕ ಸೌಟನ್ನು ಸಾರಿನ ಪಾತ್ರೆಗೆ ಕುಕ್ಕಿದಳು. “ಉಣ್ಣೋ ಒತ್ನಾಗೆ ಎಂಥ ಮಾತಾಡ್ತೀಯ!”

“ಬಿಡ್ತು. ಆದ್ರೂ ಒಂದೇ ಒಂದು ಸಾಲು ಏಳೇ. ಮೊದಲ್ನೇ ಸಾಲು.”

“ಮೊದಲು ಆ ಬಾಯಿ ಮುಚ್ಕೊಂಡು ಉಣ್ಣು. ಅದೇ ಮೊದಲ್ನೇ ಸಾಲು.”

ಭಾವನ ಕಷ್ಟ ನನಗೆ ಅರ್ಥವಾಗುತ್ತಿತ್ತು. ಊರಿನವರೆಲ್ಲ ತಮ್ಮ ಹೆಂಡತಿಯ ಬಾಯಲ್ಲಿ ಧರ್ಮರಾಯರಾಗಿ ಹೋಗುತ್ತಿದ್ದಾರೆ, ತಮ್ಮ ಸರದಿ ಬಂದಾಗ ಕೇಳಿಸಿಕೊಳ್ಳಲು ತಾವೇ ಇರುವುದಿಲ್ಲ. ಇದು ಯಾವ ನ್ಯಾಯ ಎಂದು ಅವರು ನನ್ನನ್ನು ಕೇಳಿದ್ದರು.

ಹೀಗಿರುವಾಗ ಬೇಸಿಗೆ ರಜದಲ್ಲಿ ಕೆ.ಜಿ.ಎಫ್.ನಿಂದ ಶ್ಯಾಮಲಾ ಮೇಡಂ ಬಂದರು. ಅವರು ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುವವರು. ಚಾಂಪಿಯನ್ ರೀಫ್ಸ್‌ನ ಮೈದಾನದಲ್ಲಿ ಗೆಳೆಯರನ್ನು ಸೇರಿಸಿಕೊಂಡು ಬೇಸಿಗೆ ಜಾನಪದ ಮೇಳ ಮಾಡುತ್ತಿದ್ದರು. ಯಾರದೋ ಸಾವಿನಲ್ಲಿ ಅಕ್ಕನ ಹಾಡು ಕೇಳಿ ಬಂದಿದ್ದರು.

“ನರಸಮ್ಮನವರೇ, ನೀವು ನಮ್ಮ ವೇದಿಕೆಯಲ್ಲಿ ಹಾಡಲೇಬೇಕು.”

“ಎಣ ಯಾರ್ದಮ್ಮಾ?” ಎಂದು ಕೇಳಿದಳು ಅಕ್ಕ.

“ಹೆಣ ಇಲ್ಲಮ್ಮ, ಇದು ಮೇಳ. ಜನ ಕೂತು ಕೇಳ್ತಾರೆ.”

“ಎಣ ಇಲ್ದೆ ಎಂಗಮ್ಮಾ ಅಳೋದು? ಮೊಕ ಕಾಣ್ದೆ ಮಾತು ಉಟ್ಟಲ್ಲ. ಬರೀ ನೆಲದ ಮುಂದೆ ಅತ್ರೆ ಒಳ್ಳೇದೂ ಅಲ್ಲ, ಸಾವು ದಾರಿ ಕೇಳ್ಕೊಂಡು ಬತ್ತದೆ.”

ಮೇಡಂ ಒಂದು ಗೊಂಬೆ ಮಲಗಿಸೋಣವೇ ಎಂದರು. ಗೊಂಬೆಗೆ ಗುಣ ಎಲ್ಲಿಂದ ಬರುತ್ತದೆ ಎಂದಳು ಅಕ್ಕ. ಫೋಟೋ ಇಟ್ಟರೆ? ಯಾರ ಫೋಟೋ ಇಟ್ಟರೂ ಅವರ ಮನೆಯವರು ಬಂದು ಜುಟ್ಟು ಹಿಡಿಯುತ್ತಾರೆ. ಮೇಡಂ ಸಪ್ಪೆ ಮುಖ ಮಾಡಿಕೊಂಡು ಕಾಫಿ ಲೋಟ ಕೆಳಗಿಟ್ಟರು. ಆಗ ಮೂಲೆಯಲ್ಲಿ ಹಾಲಿನ ಕ್ಯಾನು ತೊಳೆಯುವ ನೆವದಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಭಾವ, ಗಂಟಲು ಸರಿ ಮಾಡಿಕೊಂಡು, “ನಾನು ಮಲಗ್ತೀನಿ” ಎಂದರು.

ಆ ಮುಖದಲ್ಲಿದ್ದ ಆನಂದವನ್ನು ನಾನು ಅವರ ಮದುವೆಯಲ್ಲೂ ನೋಡಿರಲಿಲ್ಲ.

ಅಕ್ಕ ಕುಣಿದಾಡಿಬಿಟ್ಟಳು. ಕತ್ತಿನಲ್ಲಿ ತಾಳಿ ಇಟ್ಟುಕೊಂಡು ಕಟ್ಟಿಕೊಂಡ ಗಂಡನ ಮುಂದೆ ಅಳುವುದೆಂದರೇನು, ಕೇಳಿದವರು ಉಗಿಯುವುದಿಲ್ಲವೇ, ಅಪಶಕುನವಲ್ಲವೇ ಎಂದೆಲ್ಲ ಕೂಗಾಡಿದಳು. ಮೇಡಂ ಕೈಮುಗಿದರು, ನಾನು ನಡುವೆ ಬಿದ್ದೆ, ಕೊನೆಗೆ ಅಕ್ಕ ಒಂದು ಷರತ್ತಿಗೆ ಬಂದಳು. ಭಾವ ಮಲಗಬಹುದು, ಆದರೆ ಭಾವನಾಗಿ ಅಲ್ಲ. ಅವಳು ಅವರ ಹೆಸರೆತ್ತುವುದಿಲ್ಲ, ಗುಣ ಎತ್ತುವುದಿಲ್ಲ. ಯಾರೋ ದಾರಿಹೋಕ ಬಂದು ಬಿದ್ದಿದ್ದಾನೆ ಅಂದುಕೊಂಡು ಅಳುತ್ತಾಳೆ.

“ದಾರಿಹೋಕನಾ?” ಭಾವನ ಮುಖ ಇಳಿದುಹೋಯಿತು.

“ಔದು. ಇಷ್ಟ ಇದ್ರೆ ಮಲಗು, ಇಲ್ದಿದ್ರೆ ಕ್ಯಾನು ತೊಳಿ.”

ಭಾವ ಒಪ್ಪಿದರು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು, “ಅತ್ತೂ ಅತ್ತೂ ಅವ್ಳ ಬಾಯಿ ಒಂದ್ಸಲನಾದ್ರೂ ಜಾರ್ತದೆ ಬಾಮೈದ, ನನ್ನ ವಿಷ್ಯ ಬಂದೇ ಬತ್ತದೆ ನೋಡ್ತಿರು” ಎಂದು ಪಿಸುಗುಟ್ಟಿದರು.

ಮೇಳದ ದಿನ ಬೆಳಿಗ್ಗೆ ಅವರಿಗೆ ಇನ್ನೊಂದು ಚಿಂತೆ ಬಂತು. ಹೆಣ ಅಲ್ಲಾಡಬಾರದು. ಭಾವನೋ, ಕೂತಲ್ಲಿ ಕಾಲು ಕುಣಿಸುವ ಮನುಷ್ಯ. ಅಭ್ಯಾಸ ಮಾಡಬೇಕು. ಒಳಗೆ ಶೆಕೆ ಎಂದು ಹೊರಗೆ ಜಗಲಿಯ ಮೇಲೆ ಚಾಪೆ ಹಾಸಿ, ದಕ್ಷಿಣಕ್ಕೆ ತಲೆಯಿಟ್ಟು, ಕುತ್ತಿಗೆವರೆಗೆ ಬಿಳಿ ಪಂಚೆ ಎಳೆದುಕೊಂಡರು. ಏನು ಮಾಡಿದರೂ ಸರಿಯಾಗಿ ಮಾಡಬೇಕು ಎಂಬ ಹುಚ್ಚು ಬೇರೆ. ತಾವೇ ತಲೆಯ ಹತ್ತಿರ ಒಂದು ದೀಪ ಹಚ್ಚಿಟ್ಟುಕೊಂಡು, ಹಣೆಗೆ ಕಾಸಂಟಿಸಿಕೊಂಡು, ಕಣ್ಣು ಮುಚ್ಚಿದರು. ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡಲಿಲ್ಲ. ಆ ವಿಷಯದಲ್ಲಿ ಅವರನ್ನು ಮೆಚ್ಚಲೇಬೇಕು.

ಬೂದಿಕೋಟೆಯಿಂದ ಬಂಗಾರಪೇಟೆಗೆ ಹೋಗುವ ಬಸ್ಸು ಆ ಮನೆಯ ಎದುರಿಗೇ ನಿಲ್ಲುತ್ತದೆ. ಕಂಡಕ್ಟರು ಕಿಟಕಿಯಿಂದ ನೋಡಿದ. ದೀಪ ನೋಡಿದ, ಪಂಚೆ ನೋಡಿದ, ಹಣೆಯ ಕಾಸು ನೋಡಿದ. ಬಸ್ಸಿನವರೆಲ್ಲ ಆ ಕಡೆಗೆ ಬಗ್ಗಿ ನೋಡಿದರು, ಒಂದಿಬ್ಬರು ಅಲ್ಲಿಂದಲೇ ಕೈಮುಗಿದರು. ಪುಣ್ಯಾತ್ಮ ಕಂಡಕ್ಟರು ಗೌರವಕ್ಕೆ ಶಿಳ್ಳೆ ಹೊಡೆಯದೆ, ಮೆಲ್ಲಗೆ ಬಡಿದು ಬಸ್ಸು ಬಿಡಿಸಿದನಂತೆ. ಭಾವ ಇದ್ಯಾವುದನ್ನೂ ಕಾಣಲಿಲ್ಲ, ಅವರು ಹೆಣವಾಗಿದ್ದರು.

ಬಸ್ಸು ಬಂಗಾರಪೇಟೆ ಸೇರಿತು. ಕಂಡಕ್ಟರು ಸ್ಟ್ಯಾಂಡಿನ ಹೂವಿನವಳಿಗೆ ಹೇಳಿದ. ಹೂವಿನವಳು ಮಧ್ಯಾಹ್ನದ ಮೇಲೆ ಹೂ ಕೊಳ್ಳಲು ಬಂದ ಮುನಿನಾರಾಯಣಮ್ಮನಿಗೆ ಹೇಳಿದಳು. ಮುನಿನಾರಾಯಣಮ್ಮ ಎಂದರೆ ಭಾವನ ಒಡಹುಟ್ಟಿದ ಅಕ್ಕ, ಬಂಗಾರಪೇಟೆಗೆ ಕೊಟ್ಟ ಹೆಣ್ಣು. ಆಕೆಗೂ ನಮ್ಮ ಅಕ್ಕನಿಗೂ ಮಾತಿಲ್ಲ. ಯಾವುದೋ ಗೃಹಪ್ರವೇಶದಲ್ಲಿ ಅಕ್ಕ ಆಕೆಯ ಒಬ್ಬಟ್ಟಿಗೆ ತುಪ್ಪ ಕಡಿಮೆ ಬಡಿಸಿದಳೆಂದು ಇವತ್ತಿಗೂ ಜಗಳ. ಹಾಗಾಗಿ ಆಕೆ ಅಕ್ಕನಿಗೆ ಫೋನು ಮಾಡಲಿಲ್ಲ. ಭಾವನಿಗೆ ಮಾಡಿದಳು, ಭಾವನ ಫೋನು ಚಾರ್ಜಿಗೆ ಹಾಕಿ ಮನೆಯಲ್ಲೇ ಮರೆತುಹೋಗಿತ್ತು. ಪಕ್ಕದ ಮನೆಯವರಿಗೆ ಮಾಡಿದಳು. “ಅಯ್ಯೋ, ಆಗ್ಲೇ ಕೆ.ಜಿ.ಎಫ್.ಗೆ ತಗೊಂಡೋದ್ರಲ್ಲಮ್ಮಾ, ವ್ಯಾನು ಬಂದಿತ್ತು” ಎಂದರು ಅವರು.

ಮೇಳದ ವ್ಯಾನು ಬಂದಿದ್ದು ನಿಜ.

ಚಾಂಪಿಯನ್ ರೀಫ್ಸ್‌ನ ಆ ಮೈದಾನದ ಹಿಂದೆ ಗಣಿಯಿಂದ ತೆಗೆದ ಮಣ್ಣಿನ ಗುಡ್ಡ, ಮುಂದೆ ಗಣಿ ಕೆಲಸದವರ ಲೈನ್ ಮನೆಗಳು. ನಡುವೆ ದೊಡ್ಡ ಶಾಮಿಯಾನ, ಬಾಡಿಗೆ ಕುರ್ಚಿಗಳು. ಶಾಮಿಯಾನದವನು ಕುಪ್ಪುಸ್ವಾಮಿ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಆ ಏರಿಯಾಕ್ಕೆಲ್ಲ ಸಾಮಾನು ಕೊಡುವವನು. ನಾಟಕದಲ್ಲಿ ಹೆಣ ಇದೆ ಎಂದು ಯಾರೋ ಹೇಳಿದ್ದಕ್ಕೆ, ಯಾರೂ ಕೇಳದಿದ್ದರೂ ತನ್ನ ಫ್ರೀಜರ್ ಪೆಟ್ಟಿಗೆಯನ್ನು ಆಟೋದಲ್ಲಿ ಹಾಕಿಕೊಂಡು ತಂದಿದ್ದ.

“ಇದ್ರೊಳ್ಗೆ ಮಲಗಿ ಸಾರ್, ನಲ್ಲಾ ಕೂಲಾ ಇರುಕ್ಕುಂ” ಎಂದ. “ಈ ಬಿಸಿಲಿಗೆ ಸೂಪರ್.”

ಭಾವ ಗಾಜಿನ ಮುಚ್ಚಳ ಮುಟ್ಟಿ ನೋಡಿದರು. ಆಸೆಯಾದದ್ದು ಕಾಣುತ್ತಿತ್ತು. “ಒಳಗಡೆ ಆಡು ಕೇಳಿಸ್ತದಾ?” ಎಂದರು.

“ಇದುವರೆಗೂ ಯಾರೂ ಕಂಪ್ಲೇಂಟ್ ಮಾಡಿಲ್ಲ ಸಾರ್.”

ಹಾಡು ಕೇಳಿಸದಿದ್ದರೆ ಇಷ್ಟೆಲ್ಲ ಯಾಕೆ ಎಂದು ಭಾವ ಚಾಪೆಯೇ ಸಾಕು ಎಂದರು.

ಮಧ್ಯಾಹ್ನದಿಂದಲೇ ಹಾಡು ಶುರುವಾಗಿತ್ತು. ಮೊದಲು ತಮಟೆಯವರು, ಮಣ್ಣಿನ ಗುಡ್ಡ ಉದುರುತ್ತದೋ ಎನ್ನುವ ಹಾಗೆ ಬಾರಿಸಿದರು. ಆಮೇಲೆ ತತ್ವಪದದ ಒಬ್ಬ ತಾತ ಬಂದ. ಸಂಸಾರ ಸಾಕು ಸಾಕೆಂದು ಏಕತಾರಿ ಮೀಟಿಕೊಂಡು ಹಾಡುತ್ತ ಹಾಡುತ್ತ ತನ್ನ ಹಾಡಿಗೆ ತಾನೇ ನಿದ್ದೆ ಹೋದ, ಜನ ಅದನ್ನು ಸಮಾಧಿ ಎಂದು ತಿಳಿದು ಚಪ್ಪಾಳೆ ಹೊಡೆದರು. ನಂದಿದುರ್ಗ ಲೈನಿನ ಹೆಂಗಸರು ಸುತ್ತು ನಿಂತು ಚಪ್ಪಾಳೆ ತಟ್ಟುತ್ತ ತಮಿಳಿನಲ್ಲಿ ಕುಮ್ಮಿ ಹೊಡೆದರು. ಪಂಡರಿ ಭಜನೆಯವರು ತೆಲುಗಿನಲ್ಲಿ ಶುರು ಮಾಡಿದವರು, ಇಳಿಯಿರಿ ಎಂದರೆ ಕೇಳದೆ, ಮೈಕು ಆಫ್ ಮಾಡಿದರೂ ನಿಲ್ಲಿಸದೆ, ಕುಣಿಯುತ್ತ ಕುಣಿಯುತ್ತಲೇ ಮೆಟ್ಟಿಲಿಳಿದು ಊಟದ ಕಡೆಗೆ ಹೋದರು. ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿಗಳು ಕೂತಿದ್ದರು. ದೊಡ್ಡ ಅಧಿಕಾರಿಗಳಂತೆ, ಹೊಸದಾಗಿ ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವರಂತೆ. ಎಲ್ಲ ಹಾಡಿಗೂ ಒಂದೇ ರೀತಿ ತಲೆ ಆಡಿಸುತ್ತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಭಾವನನ್ನು ವೇದಿಕೆಯ ಮೇಲೆ ಮಲಗಿಸಿ, ಪಂಚೆ ಹೊದಿಸಿ, ದೀಪ ಹಚ್ಚಿದೆವು. ಪಂಚೆಯ ಕೆಳಗೆ ಅವರ ಹೊಟ್ಟೆ ಎತ್ತರವಾಗಿ ಕಾಣುತ್ತಿತ್ತು, ಅದಕ್ಕೇನೂ ಮಾಡುವ ಹಾಗಿರಲಿಲ್ಲ. ಅದೇ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು. ಮುನಿನಾರಾಯಣಮ್ಮ.

“ಮುನಿರಾಜಾ, ನನ್ನ ತಮ್ಮ ಎಲ್ಲವ್ನೋ?”

“ಇಲ್ಲೇ ಕಣಕ್ಕಾ, ಚಾಂಪಿಯನ್ ರೀಫ್ಸ್‌ನಾಗೆ. ಈಗ ತಾನೇ ಮಲಗಿಸ್ದೊ.”

“ಅಯ್ಯೋ! ಅವ್ಳು ಎಲ್ಲಿ?”

“ತಲೆತಾವ ಕುಂತವ್ಳೆ. ಇನ್ನೇನು ಅಳೋಕೆ ಶುರು ಮಾಡ್ತಾಳೆ. ಜನ ತುಂಬ ಸೇರವ್ರೆ, ನೀನೂ ಬೇಗ ಬಾ.”

ಇದರಲ್ಲಿ ಒಂದೇ ಒಂದು ಸುಳ್ಳಿದ್ದರೆ ತೋರಿಸಿ. ಆಕೆ ಬಸ್ ಸ್ಟ್ಯಾಂಡಿನಲ್ಲಿ ಹಾರ, ಪಂಚೆ ಕೊಂಡು, ಆಗಲೇ ಆಟೋದಲ್ಲಿ ಅರ್ಧ ದಾರಿ ಬಂದಿದ್ದಾಳೆಂದು ನನಗೇನು ಕನಸು ಬಿದ್ದಿತ್ತೇ? ಹಾಡು ಕೇಳಲು ಬರುತ್ತಾಳೆ, ನಾದಿನಿ ಅತ್ತಿಗೆ ಒಂದಾಗಲಿ ಎಂದು ನಾನು ಖುಷಿಪಟ್ಟೆ.

ಅಕ್ಕ ಸೆರಗು ತಲೆಗೆ ಹೊದ್ದುಕೊಂಡು, ಒಂದು ಸಲ ಉಸಿರೆಳೆದು ಎತ್ತಿದಳು.

“ಯಾರಯ್ಯಾ ನೀನು ದಾರೀಲಿ ಓಗೋನೆ
ಊರ್ಯಾವ್ದು ನಿಂದು ಎಸರ್ಯಾವ್ದು
ತಲೆಮ್ಯಾಲೆ ಕೊಡವನ್ನ ಕೇಳದೆ ಇಳಿಸೋನೆ
ಮಲಗೀದ್ಯೋ ಯಾವ ತಾಯ್ಮಗನೋ”

ಮೈದಾನ ಗಪ್ಪನೆ ತಣ್ಣಗಾಯಿತು. ಕನ್ನಡ ಬಾರದ ಲೈನ್ ಮನೆ ಮುದುಕಿಯರೂ ಸೆರಗು ಬಾಯಿಗೆ ಒತ್ತಿಕೊಂಡರು. ಅಕ್ಕನ ದಾರಿಹೋಕ ಬಲು ದೊಡ್ಡ ಮನುಷ್ಯ. ನೀರು ಕೇಳುವ ಮುಂಚೆ ನೀರು ತರುವನು, ಹೆಂಡತಿ ಉಂಡಳೇ ಎಂದು ನೋಡಿ ಉಣ್ಣುವನು, ಹೇಳಿದ ಕೆಲಸ ಮರೆಯನು. ಒಂದೊಂದು ಗುಣಕ್ಕೂ ಪಂಚೆಯ ಕೆಳಗೆ ಭಾವನ ಕಾಲಿನ ಹೆಬ್ಬೆರಳು ಅಲ್ಲಾಡುತ್ತಿತ್ತು. ಹೊಟ್ಟೆಕಿಚ್ಚು. ಸೈಡಿನಲ್ಲಿ ನಿಂತಿದ್ದ ನನ್ನ ಕಡೆ ಒಂದು ಕಣ್ಣು ತೆರೆದು, “ಯಾವನ್ಲಾ ಅವ್ನು?” ಎಂದು ತುಟಿಯಲ್ಲೇ ಕೇಳಿದರು.

ಆಗ ಮೈದಾನದ ಬಾಗಿಲಲ್ಲಿ ಆಟೋ ನಿಂತಿತು.

ಮುನಿನಾರಾಯಣಮ್ಮನ ದೃಷ್ಟಿಯಿಂದ ಒಂದು ಸಲ ನೋಡಿ. ಶಾಮಿಯಾನ ಇದೆ. ಕುರ್ಚಿ ಹಾಕಿದ್ದಾರೆ. ತಮಟೆಯವರು ಬೀಡಿ ಸೇದುತ್ತ ಕೂತಿದ್ದಾರೆ. ಒಂದು ಕಡೆ ಫ್ರೀಜರ್ ಪೆಟ್ಟಿಗೆ. ನೂರಾರು ಜನ ಅಳುತ್ತಿದ್ದಾರೆ. ನಡುವೆ ತಮ್ಮ ಮಲಗಿದ್ದಾನೆ, ತಲೆದೆಸೆಯಲ್ಲಿ ದೀಪ ಉರಿಯುತ್ತಿದೆ. ಇನ್ನು ಅನುಮಾನ ಪಡಲು ಜಾಗವೆಲ್ಲಿದೆ?

“ಅಯ್ಯೋ ಕೋದಂಡಾ!” ಎಂದು ಕಿರುಚಿ ಆಕೆ ಕುರ್ಚಿಗಳ ನಡುವೆ ಓಡಿ ಬಂದಳು. ಜನ ಎದ್ದು ದಾರಿ ಬಿಟ್ಟರು. ವೇದಿಕೆ ಹತ್ತಿ, ಸುಗಂಧರಾಜದ ಹಾರವನ್ನು ಭಾವನ ಮೇಲೆ ಎಸೆದು, ಹೊಸ ಪಂಚೆಯನ್ನು ಹೊದಿಸಿ, ಕಾಲ ಮೇಲೆ ಬಿದ್ದಳು. ಹಾಡೇನು ಅಕ್ಕನೊಬ್ಬಳ ಸೊತ್ತೇ? ಆಕೆಯೂ ಎತ್ತಿದಳು.

“ಗೌರಿ ಅಬ್ಬಕ್ಕೆ ಜರಿಸೀರೆ ತಂದೋನೆ
ಯಾರೀಗೆ ಕಾಯ್ಲೋ ಬಾಗ್ಲಲ್ಲಿ
ಅನ್ನಕ್ಕೆ ಬಾಯ್ಬಿಟ್ಟು ಸಣ್ಣಾಗಿ ಓದೋನೆ
ಮಣ್ಣಾಗೆ ಇಟ್ಟೋಳೆ ನಿನ ಎಂಡ್ತಿ”

ಸಣ್ಣಗೆ ಹೋದವನ ಹೊಟ್ಟೆಯ ಮೇಲೆ ಹಾರ ನಿಲ್ಲದೆ ಜಾರುತ್ತಿತ್ತು. ಜರಿಸೀರೆಯನ್ನಂತೂ ಭಾವ ತಮ್ಮ ಜನ್ಮದಲ್ಲಿ ಯಾರಿಗೂ ತಂದವರಲ್ಲ. ಆದರೂ ಅವರ ಮುಖದಲ್ಲಿ ಎಂಥ ನೆಮ್ಮದಿ! ಕೊನೆಗೂ ತಮ್ಮ ಹೆಸರು ಹಿಡಿದು ಒಬ್ಬರು ಅಳುತ್ತಿದ್ದಾರೆ.

ಮುಖ್ಯ ಅತಿಥಿಗಳು ಗಾಬರಿಯಾಗಿ ಶ್ಯಾಮಲಾ ಮೇಡಂ ಕಡೆ ತಿರುಗಿದರು. “ಮೇಡಂ, ಇವರು ನಿಜವಾಗಿ ತೀರಿಕೊಂಡಿದ್ದಾರಾ?”

ಮೇಡಂ ಬಾಯಿ ತೆರೆಯುವುದರೊಳಗೆ ಅವರು ಎದ್ದು ನಿಂತು, ಮೈಕು ಇಸಿದುಕೊಂಡು, “ಹಿರಿಯ ಕಲಾವಿದರು ವೇದಿಕೆಯ ಮೇಲೆಯೇ ನಮ್ಮನ್ನಗಲಿದ್ದಾರೆ. ಒಂದು ನಿಮಿಷ ಮೌನ ಆಚರಿಸೋಣ” ಎಂದು ತಲೆ ತಗ್ಗಿಸಿದರು. ಹಿಂದಿನವರಿಗೆ ಆಗಷ್ಟೇ ವಿಷಯ ತಿಳಿದು ಗುಜುಗುಜು ಎದ್ದಿತು. ಕುಪ್ಪುಸ್ವಾಮಿ “ಐಯ್ಯೋ ಪಾವಂ, ನಾನು ಆಗ್ಲೇ ಹೇಳ್ದೆ, ಪೆಟ್ಟಿಗೇಲಿ ಮಲಗಿ ಅಂತ” ಎಂದು ಪೆಟ್ಟಿಗೆಯ ಪ್ಲಗ್ಗು ಹಾಕಲು ಓಡಿದ.

ಅಕ್ಕನ ಮುಖ ಸುಣ್ಣದ ಗೋಡೆಯಾಗಿತ್ತು. ಅವಳು ಹೆದರಿದ್ದು ಇದಕ್ಕೇ ಅಲ್ಲವೇ? ಬದುಕಿರುವ ಗಂಡನ ಹೆಸರೆತ್ತಿ, ಹೊಗಳಿ ಹೊಗಳಿ, ಇಷ್ಟು ಜನರ ಮುಂದೆ ಅತ್ತಾಯಿತು. ಗಂಡನ ಜೀವ ಹೊರಟೇಹೋಯಿತು ಎಂದು ಅವಳಿಗೆ ಅನಿಸಿಬಿಟ್ಟಿತು. ಬಗ್ಗಿ ಭಾವನ ಕಿವಿಯಲ್ಲಿ, “ಏಳಯ್ಯಾ! ನಿನ್ನ ದಮ್ಮಯ್ಯ, ಎದ್ದೇಳು!” ಎಂದಳು.

“ಇರೇ,” ಎಂದರು ಭಾವ ತುಟಿ ಅಲ್ಲಾಡಿಸದೆ, “ಅಕ್ಕ ಇನ್ನೂ ನನ್ನ ಗುಣ ಏಳ್ತಾವ್ಳೆ.”

ನನ್ನ ಅಕ್ಕನ ಕೋಪವನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಅಂಥ ಕೋಪ ನೋಡಿರಲಿಲ್ಲ. ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮುಖ್ಯ ಅತಿಥಿಗಳು ಮೌನ ಆಚರಿಸುತ್ತಿದ್ದಂತೆಯೇ ಅವರ ಕೈಯಿಂದ ಮೈಕು ಕಿತ್ತುಕೊಂಡಳು.

“ಕೇಳ್ರಪ್ಪಾ ಎಲ್ರೂ! ಒಗಳೋದು ಸತ್ತೋರ್ನ. ಬದ್ಕಿರೋರ್ನ ಬಯ್ತಾರೆ. ಇವ್ನು ಬದ್ಕವ್ನೆ. ಅದಕ್ಕೆ ಬಯ್ತೀನಿ!”

ಅದೇ ಧಾಟಿ. ಅದೇ ಎಳೆತ, ಅದೇ ಬಿಕ್ಕು. ಆದರೆ ಮಾತು ಬೇರೆ.

“ಉಪ್ಪು ತಾ ಅಂದ್ರೆ ಸಂತೇಗೆ ಓದೋನೆ
ಬೆಪ್ಪಂಗೆ ಬರಿಗೈಲಿ ಬಂದೋನೆ
ಅಸುವನ್ನ ಗೌರಮ್ಮ ಅಂತಂದು ಮುದ್ಮಾಡಿ
ಅಸಿವೇನೆ ಅಂತ ನನ್ನ ಕೇಳ್ದಿರೋನೆ”

ಜನ ಮೊದಲು ಬೆಚ್ಚಿದರು. ಆಮೇಲೆ ಹಿಂದಿನಿಂದ ಒಬ್ಬ ನಕ್ಕ. ಅಕ್ಕ ನಿಲ್ಲಿಸಲಿಲ್ಲ. ಹಸು ಹೊಡೆದುಕೊಂಡು ಹೋಗಿ ಬರೀ ಹಗ್ಗ ಹಿಡಿದು ಮನೆಗೆ ಬಂದದ್ದು, ಯಾರದೋ ಮದುವೆಗೆ ಹೋಗಬೇಕಾದವರು ಪಕ್ಕದ ಛತ್ರದಲ್ಲಿ ಉಂಡು ಮುಯ್ಯಿ ಇಟ್ಟು ಬಂದದ್ದು, ಕಟ್ಟಿಕೊಂಡ ಹೆಂಡತಿಯನ್ನು ಜಾತ್ರೆಯಲ್ಲೇ ಬಿಟ್ಟು ಅವಳ ಚಪ್ಪಲಿಯನ್ನು ಮಾತ್ರ ಜೋಪಾನವಾಗಿ ಮನೆಗೆ ತಂದದ್ದು, ಒಂದನ್ನೂ ಬಿಡಲಿಲ್ಲ.

“ಜರ ಬಂದ ನನ್ನನ್ನ ಬೆಂಚಲ್ಲಿ ಕೂರ್ಸೀದ್ಯೋ
ಬರೆಸೀದ್ಯೋ ಚೀಟಿ ನಿನ್ನೆಸ್ರಲ್ಲಿ
ಡಾಕ್ಟ್ರಮ್ಮ ಕರೆದಾಗ ಬಾಯ್ಬಿಡದೆ ಓದೋನೆ
ಸೂಜೀನ ನೀನೆ ಚುಚ್ಚಿಸ್ಕೊಂಡೆ”

ಮೈದಾನ ಬಿದ್ದು ಬಿದ್ದು ನಕ್ಕಿತು. ತಮಟೆಯವರಿಗೆ ತಡೆಯಲಾಗದೆ ಒಂದೊಂದು ಬೈಗುಳಕ್ಕೂ ಏಟು ಕೊಡತೊಡಗಿದರು. ಕುಪ್ಪುಸ್ವಾಮಿ ಲೈನ್ ಮನೆಯ ಮುದುಕಿಯರಿಗೆ ತಮಿಳಿನಲ್ಲಿ ಹೇಳುತ್ತಿದ್ದ, ಅವರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಮುನಿನಾರಾಯಣಮ್ಮ ಮಾತ್ರ ಕಾಲ ಬಳಿಯೇ ಕೂತು ಕಣ್ಣು ಬಿಡುತ್ತಿದ್ದಳು. “ಸೂಜಿ ವಿಷ್ಯ ನಂಗೂ ಏಳಿರ್ಲಿಲ್ಲ ಇವ್ನು” ಎಂದಳು ನನ್ನ ಕಡೆ ನೋಡಿ.

ಭಾವ ಮಾತ್ರ ಅಲ್ಲಾಡಲಿಲ್ಲ. ಹೆಬ್ಬೆರಳೂ ಅಲ್ಲಾಡಲಿಲ್ಲ. ತಾವು ಮರೆತದ್ದು, ಮುಚ್ಚಿಟ್ಟದ್ದು, ಯಾರೂ ನೋಡಲಿಲ್ಲವೆಂದು ತಿಳಿದುಕೊಂಡದ್ದು, ಎಲ್ಲವನ್ನೂ ಒಬ್ಬಳು ಇಷ್ಟು ವರ್ಷ ನೋಡುತ್ತ ನೆನಪಿಟ್ಟುಕೊಂಡು ಬಂದಿದ್ದಾಳೆ. ಅವರ ಮುಚ್ಚಿದ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಹೆಣದ ಕಣ್ಣಲ್ಲಿ ನೀರು ನೋಡಿ ಮುಂದಿನ ಸಾಲಿನವರು ನಗುವುದನ್ನು ನಿಲ್ಲಿಸಿದರು.

ಅಕ್ಕನಿಗೂ ಏನಾಯಿತೋ. ಬೈಯುತ್ತಿದ್ದವಳ ದನಿ ಒಂದು ಕಡೆ ಒಡೆಯಿತು. ಬಂದು ಮತ್ತೆ ಅವರ ತಲೆಯ ಹತ್ತಿರ ಕೂತಳು.

“ಟವಲಾಕಿ ಸೀಟಿಡಿದು ನನ್ನನ್ನ ಅತ್ತಿಸಿ
ಬಸ್ಸೋದ್ರೆ ಬೀದೀಲಿ ನಿಂತೋನೆ
ಒಬ್ಬಳೇ ಕುಂತ್ಕೊಂಡು ಎಲ್ಗಂತ ಓಗ್ಲಯ್ಯಾ
ಮಬ್ಬಾದ ದಾರೀಲಿ ನಾನೆಂಗೆ”

ನಾನೂ ಕಣ್ಣೊರೆಸಿಕೊಂಡೆ, ಹೇಳಿಕೊಳ್ಳಲು ನಾಚಿಕೆಯೇನು.

ಭಾವ ದಡಕ್ಕನೆ ಎದ್ದು ಕೂತರು.

“ಮುಂದಿನ್ ಬಸ್ಸಿಗೆ ಬಂದ್ನಲ್ಲೇ!”

ಆ ಕೂಗಿಗೆ ಮುದುಕಿಯೊಬ್ಬಳು “ಮುರುಗಾ!” ಎಂದು ಕುರ್ಚಿ ಸಮೇತ ಹಿಂದಕ್ಕೆ ಬಿದ್ದಳು. ಮುಖ್ಯ ಅತಿಥಿಗಳು ಮೌನ ಮುರಿದು “ಅಮ್ಮಾ” ಎಂದರು. ಮುನಿನಾರಾಯಣಮ್ಮ ಮೊದಲು ತಮ್ಮನನ್ನು ಬಾಚಿ ತಬ್ಬಿಕೊಂಡಳು, ಆಮೇಲೆ ಅದೇ ಸುಗಂಧರಾಜದ ಹಾರವನ್ನು ಕಿತ್ತು ಅದರಲ್ಲೇ ಹೊಡೆಯತೊಡಗಿದಳು. ಹೂವು ಉದುರಿ ಬರೀ ದಾರ ಉಳಿಯುವವರೆಗೂ ಹೊಡೆದಳು. ಸಾವಿಗೆ ಅತ್ತಾದ ಮೇಲೆ ಸ್ನಾನವಾಗದೆ ಮನೆಗೆ ಹೋಗುವ ಹಾಗಿಲ್ಲ ಎಂದು ಅಕ್ಕ ಹಠ ಹಿಡಿದದ್ದಕ್ಕೆ, ಕುಪ್ಪುಸ್ವಾಮಿ ಕುಡಿಯುವ ನೀರಿನ ಕ್ಯಾನು ಎತ್ತಿ ಭಾವನ ತಲೆಯ ಮೇಲೆ ಸುರಿದ. ಶೆಕೆಗೆ ಅವರಿಗೆ ಹಿತವಾಗಿಯೇ ಇತ್ತೆಂದು ಕಾಣುತ್ತದೆ, ಇನ್ನೊಂದು ಕ್ಯಾನು ಇದೆಯಾ ಎಂದು ಕೇಳಿದರು.

ಉಳಿದದ್ದು ಆ ಹೊಸ ಪಂಚೆ. ಹೆಣಕ್ಕೆಂದು ತಂದ ಬಟ್ಟೆಯನ್ನು ವಾಪಸು ಮನೆಗೆ ಒಯ್ಯುವಂತಿಲ್ಲ. ಮುನಿನಾರಾಯಣಮ್ಮ ಅದನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ನೋಡುತ್ತಿದ್ದಾಗ, ಮುಖ್ಯ ಅತಿಥಿಗಳು ತಮಗೇ ಸನ್ಮಾನವೆಂದು ತಿಳಿದು ಮುಂದೆ ಬಂದು ನಮ್ರವಾಗಿ ತಲೆ ಬಗ್ಗಿಸಿದರು. ಆಕೆ ಹೊದಿಸಿಬಿಟ್ಟಳು. ನಾವು ಊರಿನವರೆಲ್ಲ ಮುಖ ಮುಖ ನೋಡಿಕೊಂಡೆವು, ಯಾರೂ ಬಾಯಿ ಬಿಡಲಿಲ್ಲ. ಅವರು ಅದನ್ನು ಹೊದ್ದುಕೊಂಡೇ, ಅತ್ತಿಗೆ ನಾದಿನಿಯರ ಈ ಅಪರೂಪದ ಕಲೆಯನ್ನು ಉಳಿಸಿ ಬೆಳೆಸಬೇಕೆಂದು ಭಾಷಣ ಮಾಡಿದರು. ಅತ್ತಿಗೆ ನಾದಿನಿಯರು ವೇದಿಕೆಯ ಹಿಂದೆ ಒಂದೇ ತಟ್ಟೆಯಲ್ಲಿ ಪುಳಿಯೋಗರೆ ತಿನ್ನುತ್ತಿದ್ದರು.

ಮಾರನೆಯ ದಿನ ಸ್ಟ್ಯಾಂಡಿಗೆ ಬೇರೆಯವರನ್ನು ಕೂರಿಸಿ ನಾನು ಬೂದಿಕೋಟೆಗೆ ಹೋದೆ. ಭಾವ ಹಿತ್ತಲಲ್ಲಿದ್ದರು. ಹಾಲು ಹಾಕಿ ಬಂದು ಕ್ಯಾನು ತೊಳೆದು ಕವುಚಿಟ್ಟಿದ್ದರು, ಸಂತೆಯಿಂದ ಉಪ್ಪು ತಂದಿದ್ದರು, ಜೊತೆಗೆ ಅಕ್ಕನಿಗೆ ಒಂದು ಮೊಳ ಕನಕಾಂಬರ. ಅಕ್ಕ ಉಪ್ಪು ನೋಡಿದಳು, ಹೂವು ನೋಡಿದಳು. ಅವಳಿಗೆ ಅರಿವಿಲ್ಲದೆಯೇ ಬಾಯಿಂದ ಬಂದುಬಿಟ್ಟಿತು.

“ಪರವಾಗಿಲ್ಲ ಕಣಯ್ಯಾ, ನೀನೂ ಒಳ್ಳೇವ್ನೇ.”

ಭಾವನ ಮುಖದ ಬಣ್ಣವೇ ಹೋಯಿತು. ಎದೆಯ ಮೇಲೆ ಕೈಯಿಟ್ಟುಕೊಂಡು ಬಾವಿಕಟ್ಟೆಯ ಮೇಲೆ ಕುಸಿದು ಕೂತರು.

“ಬಯ್ಯೇ,” ಎಂದರು, “ನಿನ್ನ ದಮ್ಮಯ್ಯ, ಬೇಗ ಏನಾರ ಒಂದು ಬಯ್ದುಬಿಡೇ.”

“ಥೂ, ಮುದಿ ಕೋತಿ! ಉಪ್ಪು ತಾ ಅಂದ್ರೆ ಕಲ್ಲುಪ್ಪು ತಂದವ್ನೆ, ನಾನೇನು ದನಕ್ಕೆ ಇಡ್ಲಾ?”

ಭಾವ ಉಸಿರು ಬಿಟ್ಟರು. ಬಣ್ಣ ಮೆಲ್ಲಗೆ ವಾಪಸು ಬಂತು.

“ಇನ್ನೊಂದು,” ಎಂದರು.